ಹೆಣ್ಣು ನೋಡಲು ಬಂದ ಕನ್ನಡಕ

ಮೊಮ್ಮಗಳು ಪದ್ಮಳ ಸಂಬಂಧ ತಪ್ಪಿದ್ದು ಜಾತಕ ಕೂಡದೆ ಎಂದು ನನ್ನ ಮಗ ಕೆಂಚಾರ್ಲಹಳ್ಳಿ ತುಂಬ ಹೇಳಿಕೊಂಡು ಬಂದ. ಶುದ್ಧ ಸುಳ್ಳು. ತಪ್ಪಿದ್ದು ಎರಡು ಕನ್ನಡಕದಿಂದ. ಒಂದು ಹುಡುಗನ ಮೂಗಿನ ಮೇಲಿತ್ತು, ಇನ್ನೊಂದು ನನ್ನ ಎಲೆಅಡಿಕೆ ಚೀಲದಲ್ಲಿತ್ತು.

ಕನ್ನಡಕದ ಹೆಣ್ಣು ಎಂದರೆ ನಮ್ಮ ಕಡೆ ಗಂಡಿನವರು ಕಾಫಿಯನ್ನೂ ಪೂರ್ತಿ ಕುಡಿಯುವುದಿಲ್ಲ. ಪದ್ಮಳಿಗೋ ಕನ್ನಡಕ ತೆಗೆದರೆ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯದು. ಆದರೂ ಯಾರಾದರೂ ನೋಡಲು ಬಂದರೆ ಆ ಕನ್ನಡಕ ನನ್ನ ವಶ. ಅವಳು ಎಲ್ಲೋ ನೋಡುತ್ತಾ ನಿಂತರೆ, ಎಷ್ಟು ನಾಚಿಕೆ ಹುಡುಗಿಗೆ ಎಂದು ಮೆಚ್ಚಿಕೊಂಡವರೂ ಉಂಟು.

ಈ ಹುಡುಗ ಪೆರೇಸಂದ್ರದವನು, ಯಾವುದೋ ಕಾಲೇಜಿನಲ್ಲಿ ಸಂಶೋಧನೆಯಂತೆ. ಕಣ್ಣು ಕಾಣದವರ ಎದುರಿಗೆ ಏನಾದರೂ ಬಂದರೆ ಕೂಗಿ ಎಚ್ಚರಿಸುವ ಕನ್ನಡಕ ಮಾಡುತ್ತಿದ್ದ. ಮಾಡಿದ್ದನ್ನು ಹಾಕಿಕೊಂಡೇ ಬಂದ. ಕಿವಿಯ ಹತ್ತಿರದಿಂದ ಇಳಿದ ವೈರು ಸೊಂಟದ ಡಬ್ಬಿ ಸೇರಿತ್ತು. ಅದು ನಮ್ಮ ಬಾಗಿಲಿಗೆ ಕುಂಯ್ ಎಂದಿತು, ಅವನ ಅಪ್ಪನ ಹೊಟ್ಟೆಗೂ ಕುಂಯ್ ಎಂದಿತು. ಇಷ್ಟು ಓದಿದ ಅಳಿಯನೇ ಎಂದು ನನ್ನ ಮಗನ ಮುಖ ಅರಳಿತು, ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಸಿಕ್ಕಾಗಲೂ ಅಷ್ಟು ಅರಳಿರಲಿಲ್ಲ.

ಪದ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ತಡವರಿಸುತ್ತಾ ಬಂದಳು. ಕನ್ನಡಕ ಕೂಗಿತು. ಹುಡುಗ ಅವಳ ಮುಖ ನೋಡದೆ ಡಬ್ಬಿ ನೋಡಿ ಖುಷಿಪಟ್ಟ. ಇನ್ನೊಂದು ಸಲ ಆ ಕಡೆಯಿಂದ ನಡೆದು ಬನ್ನಿ ಎಂದ. ಬಂದಳು. ಸ್ವಲ್ಪ ಓರೆಯಾಗಿ ಬನ್ನಿ ಎಂದ. ಓರೆಯಾಗಿ ಬಂದು ಅವನ ಅಪ್ಪನ ಕಾಲು ತುಳಿದಳು. ಹೋರಿ ಕೊಳ್ಳುವವನೂ ನಡೆಸಿ ನೋಡುತ್ತಾನೆ, ಆದರೆ ನಡುವೆ ಒಮ್ಮೆ ಮುಖವನ್ನೂ ನೋಡುತ್ತಾನೆ. ಮತ್ತೊಮ್ಮೆ ಎಂದಾಗ ಅವಳು ನಿಂತುಬಿಟ್ಟಳು.

"ನನ್ನ ಕನ್ನಡಕ ಕೊಡಜ್ಜಿ. ಅವರ ಕನ್ನಡಕಕ್ಕೆ ನಾನು ಕಾಣ್ತಿದೀನಿ, ನಂಗೆ ಅವರು ಕಾಣ್ತಿಲ್ಲ."

ಮಗ ಬೇಡವೆಂದು ಕಣ್ಸನ್ನೆ ಮಾಡಿದ. ನಾನು ಚೀಲ ಬಿಚ್ಚಿ ಕೊಟ್ಟೆ. ಅಂಟಿದ್ದ ಸುಣ್ಣವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ಹುಡುಗನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು.

ಹುಡುಗನ ತಾಯಿ ಎದ್ದು, ದೋಷ ಮುಚ್ಚಿಟ್ಟು ಹೆಣ್ಣು ತೋರಿಸ್ತೀರಾ ಎಂದರು. ನಿಮ್ಮ ಮಗನ ಮೂಗಿನ ಮೇಲಿರುವುದೇನು ಎಂದು ಕೇಳಿದೆ.

"ಅದು ರಿಸರ್ಚು ಕಣ್ರೀ. ಇದು ಐಬು."

"ಹಂಗಾದ್ರೆ ನಿಮ್ಮ ರಿಸರ್ಚನ್ನ ಕರ್ಕೊಂಡು ಹೊರಡವ್ವ, ಬಸ್ಸಿಗೆ ಹೊತ್ತಾಯ್ತು."

ಅವರು ಹೋದ ಮೇಲೆ, ಇನ್ನು ಯಾರು ಬರುತ್ತಾರೆ ಎಂದು ಮಗ ತಲೆಯ ಮೇಲೆ ಕೈ ಹೊತ್ತು ಕೂತ. ಪದ್ಮ ಮಿಕ್ಕ ಉಪ್ಪಿಟ್ಟು ತಿನ್ನುತ್ತಾ, "ಕಾಣದೇ ಇದ್ದಿದ್ರೆ ಒಪ್ಕೊಂಡುಬಿಡ್ತಿದ್ದೆ ಕಣಜ್ಜಿ" ಎಂದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಕನ್ನಡಕ ಸಮೇತ ಚಿಂತಾಮಣಿಯ ಸ್ಟುಡಿಯೋಗೆ ಕರೆದೊಯ್ದೆ. ಇನ್ನು ಮೇಲೆ ಗಂಡಿನವರಿಗೆ ಈ ಫೋಟೋನೇ ಹೋಗಲಿ ಎಂದು. ಗಾಜು ಹೊಳೆಯುತ್ತದೆ, ಕನ್ನಡಕ ತೆಗೆಯಬೇಕು ಎಂದ ಫೋಟೋದವನು. ನಿನ್ನ ದೀಪ ತಿರುಗಿಸಪ್ಪ ಎಂದೆ. ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು ಎಂದು ಬುದ್ಧಿಯನ್ನೂ ಹೇಳಿದೆ. ಆಮೇಲೆ, ಹೇಗೂ ಬಂದಾಯಿತಲ್ಲ ಎಂದು ನನ್ನದೂ ಒಂದು ತೆಗೆಸಿಕೊಂಡೆ, ಮುಂದಿನ ಹಲ್ಲಿಲ್ಲದ್ದು ಕಾಣದ ಹಾಗೆ ತುಟಿ ಬಿಗಿದುಕೊಂಡು.