ಅರ್ಧ ಬಟ್ಟಲು ಕೊಟ್ಟ ಧರ್ಮಪಿತ

ನನ್ನ ಹೆಂಡತಿ ಫ್ಲೋರ್ದೆಲಿಸಾಗೆ ನನ್ನ ವೃತ್ತಿಯ ಮೇಲಿರುವ ದೂರು ಒಂದೇ. ಅದರಿಂದ ಮನೆಗೆ ಏನೂ ಬರುವುದಿಲ್ಲ.

"ಮನಿಲಾದಲ್ಲಿ ಹಾಡಿನ ಬಗ್ಗೆ ಬರೆಯೋ ಎಲ್ಲರ ಮನೇಲೂ ಪುಕ್ಕಟೆ ಟೋಪಿ ಇದೆ, ಅಂಗಿ ಇದೆ, ಮುಂದಿನ ಸಾಲಿನ ಟಿಕೆಟ್ ಇದೆ. ನಮ್ಮನೇಲಿ ಏನಿದೆ, ತೆಮ್ಯೊ? ಅಭಿಪ್ರಾಯ ಇದೆ. ಅದನ್ನ ತೊಳೆದು ಒಣಗಿಸಿ ತೊಟ್ಕೊಳ್ಳೋಕಾಗುತ್ತಾ?"

ಅವಳು ಹೊಲಿಗೆ ಕೆಲಸದವಳು. ತೊಡಲಾಗದ ಯಾವ ವಸ್ತುವಿನ ಬಗ್ಗೆಯೂ ಅವಳಿಗೆ ಗೌರವವಿಲ್ಲ.

ನಾನು ಇಪ್ಪತ್ತಾರು ವರ್ಷಗಳಿಂದ ಪತ್ರಿಕೆಯಲ್ಲಿದ್ದೇನೆ. ಅದರಲ್ಲಿ ಹನ್ನೊಂದು ವರ್ಷ ಶನಿವಾರದ ಪುರವಣಿಯಲ್ಲಿ ಹೊಸ ರಾಕ್ ಮತ್ತು ಹಿಪ್ ಹಾಪ್ ಆಲ್ಬಂಗಳ ಬಗ್ಗೆ ಬರೆದಿದ್ದೇನೆ. ನನಗೆ ಕೆಲವು ನಿಯಮಗಳಿವೆ. ಆಲ್ಬಂ ನಾನೇ ಕೊಳ್ಳುತ್ತೇನೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಊಟದ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಕೇಳುತ್ತೇನೆ. ಹಾಡಿದವನ ಕೈಯಿಂದ ಒಂದು ಲೋಟ ಕಾಫಿಯನ್ನೂ ಮುಟ್ಟುವುದಿಲ್ಲ. ಅಂಕವನ್ನು ನಕ್ಷತ್ರದಲ್ಲಿ ಕೊಡದೆ ಅನ್ನದ ಬಟ್ಟಲಿನಲ್ಲಿ ಕೊಡುತ್ತೇನೆ. ಹತ್ತಕ್ಕೆ ಏಳು ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇನ್ನೊಂದು ಬಟ್ಟಲು ಅನ್ನ ಹಾಕಿಸಿಕೊಂಡ ಎಂದರೆ ನಮ್ಮ ಮಾರಿಕಿನಾದಲ್ಲಿ ಹಲ್ಲು ಬರದ ಕೂಸಿಗೂ ತಿಳಿಯುತ್ತದೆ. ನಾಲ್ಕು ಬಟ್ಟಲು ಎಂದರೆ ಪರಮಪದ. ಹನ್ನೊಂದು ವರ್ಷದಲ್ಲಿ ಅದನ್ನು ಎರಡು ಸಲ ಮಾತ್ರ ಬಡಿಸಿದ್ದೇನೆ.

ಜೂನ್ ತಿಂಗಳ ಒಂದು ಶನಿವಾರ ನನ್ನ ಅಂಕಣದಲ್ಲಿ ಎರಡು ಆಲ್ಬಂಗಳಿದ್ದವು. ಮೊದಲನೆಯದು ಕಲಾವಾಂಗ್ ಎಂಬ ರಾಕ್ ತಂಡದ್ದು. ಗಿಟಾರ್‌ಗಳು ಚೆನ್ನಾಗಿ ಕೂಗಾಡಿದ್ದವು, ಆದರೆ ಪ್ರತಿ ಹಾಡೂ ಮುಗಿಯಬೇಕಾದ ಜಾಗದಿಂದ ಒಂದೂವರೆ ನಿಮಿಷ ಮುಂದೆ ಹೋಗಿ ನಿಲ್ಲುತ್ತಿತ್ತು. ಬ್ರೇಕು ಸರಿಯಿಲ್ಲದ ಜೀಪ್ನಿಯ ಹಾಗೆ. ಎರಡೂವರೆ ಬಟ್ಟಲು ಕೊಟ್ಟೆ. ಇನ್ನೊಂದು, ಕಾಲೊಕಾನ್‌ನ ಕಿದ್ಲತ್ ಎಂಬ ರ‍್ಯಾಪರನ ಮೊದಲ ಆಲ್ಬಂ. ಕಿದ್ಲತ್ ಎಂದರೆ ಮಿಂಚು. ನಾನು ಬರೆದದ್ದು ಹೀಗೆ: "ಹದಿನಾಲ್ಕು ಹಾಡುಗಳಿವೆ. ಹನ್ನೊಂದರಲ್ಲಿ ಈತ ತಾನು ಯಾರೆಂದು ಹೇಳುತ್ತಾನೆ. ಉಳಿದ ಮೂರರಲ್ಲಿ, ನಾವು ಮರೆತಿರಬಹುದೆಂದು, ಮತ್ತೊಮ್ಮೆ ಹೇಳುತ್ತಾನೆ. ಅರ್ಧ ಬಟ್ಟಲು, ಅದೂ ತಳ ಹಿಡಿದದ್ದು."

ಮರುವಾರ ಭಾನುವಾರ ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಒಂದು ಬಾಡಿಗೆ ಟ್ರೈಸಿಕಲ್ ನಿಂತಿತು. ಇಳಿದವನ ಕತ್ತಿನ ಮೇಲೆ ಮಿಂಚಿನ ಹಚ್ಚೆ ಇತ್ತು.

"ಲೀಸಾ, ಗೇಟ್ ತೆಗೀಬೇಡ."

"ಯಾಕೆ? ಯಾರದು?"

"ಅರ್ಧ ಬಟ್ಟಲು."

ಅವಳು ಕಿಟಕಿಯಲ್ಲಿ ಇಣುಕಿದಳು. "ಕೈಯಲ್ಲಿ ಪನ್ಸಿತ್ ಇದೆಯಲ್ಲೋ ಮಾರಾಯ. ಹೊಡೆಯೋಕೆ ಬರೋರು ಶಾವಿಗೆ ಮಾಡಿಸ್ಕೊಂಡು ಬರ್ತಾರಾ? ಜೊತೇಲಿ ಹೆಂಡ್ತಿ, ಮಗು ಬೇರೆ."

"ಏನೂ ಮುಟ್ಟಬೇಡ. ನಿಯಮ ಗೊತ್ತಲ್ಲ."

"ನಿಯಮ ನಿನ್ನದು. ಹಸಿವು ನನ್ನದು," ಎಂದು ಅವಳು ಹೋಗಿ ಗೇಟು ತೆಗೆದಳು. ಬಾಳೆಲೆ ಹಾಸಿದ, ಮೊರದಷ್ಟು ಅಗಲದ ತಟ್ಟೆ ನನ್ನ ಕಣ್ಣೆದುರೇ ಅಡುಗೆಮನೆಗೆ ಸಾಗಿತು. ಹನ್ನೊಂದು ವರ್ಷದ ನಿಷ್ಠೆ ಸೀಗಡಿ ಹಾಕಿದ ಶಾವಿಗೆಯ ಹಿಂದೆ ಹೋಯಿತು.

ಹಾಡಿನಲ್ಲಿ ಇಡೀ ಕಾಲೊಕಾನ್ ತನ್ನದೆಂದು ಸಾರುವ ಕಿದ್ಲತ್ ನಮ್ಮ ಸೋಫಾದ ಅಂಚಿನಲ್ಲಿ ಶಾಲೆಯ ಮೊದಲ ದಿನದ ಮಗುವಿನಂತೆ ಕುಳಿತ. ನಿಜವಾದ ಹೆಸರು ಜೊನ್ಮಾರ್. ಹೆಂಡತಿ ರಿಜ್ಲಿನ್. ಮೂರು ತಿಂಗಳ ಮಗನ ಹೆಸರು ಥಂಡರ್ ಕ್ಲೈಡ್. (ಮಿಂಚಿನ ಹಿಂದೆ ಗುಡುಗು ಬರುವುದು ನಿಸರ್ಗ ನಿಯಮ. ಕ್ಲೈಡ್ ಎಲ್ಲಿಂದ ಬಂದ ಎಂದು ನಾನು ಕೇಳಲಿಲ್ಲ.)

"ಮಾಂಗ್ ತೆಮ್ಯೊ, ನಿಮ್ಮ ಬರಹ ಓದಿದೆ," ಎಂದ, ಹಿರಿಯರಿಗೆ ಹೇಳುವ ಮಾಂಗ್ ಸೇರಿಸಿ.

"ಅದು ನನ್ನ ಪ್ರಾಮಾಣಿಕ ಅಭಿಪ್ರಾಯ," ಎಂದೆ. ಕಾಲು ಸ್ವಲ್ಪ ಬಾಗಿಲ ಕಡೆಗಿತ್ತು.

"ಅದಕ್ಕೇ ಬಂದದ್ದು. ಮುಂದಿನ ತಿಂಗಳು ಇವನ ದೀಕ್ಷಾಸ್ನಾನ. ನೀವು ಇವನಿಗೆ ನಿನೊಂಗ್ ಆಗಬೇಕು."

ಧರ್ಮಪಿತನಾಗು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಇಲ್ಲ ಎನ್ನುವಂತಿಲ್ಲ. ಇಲ್ಲವೆಂದರೆ ಕೂಸಿಗೆ ಕೆಡುಕು. ಹೌದೆಂದರೆ ಅವತ್ತಿನಿಂದ ಕೂಸಿನ ಅಪ್ಪ ನಿಮ್ಮ ಕುಂಪಾರೆ. ಒಂದು ರೀತಿಯಲ್ಲಿ ರಕ್ತವಿಲ್ಲದ ತಮ್ಮ. ತಮ್ಮನ ಹಾಡನ್ನು ಯಾರಾದರೂ ತಳ ಹಿಡಿದ ಅನ್ನ ಎನ್ನುತ್ತಾರೆಯೇ? ನನ್ನ ವೃತ್ತಿಗೆ ಇಟ್ಟ ಬಲೆ ಇದು ಎಂದು ಹೊಳೆಯಿತು. ಯೋಚಿಸಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಶಾವಿಗೆ ತುಂಬಿದ ಬಾಯಲ್ಲೇ ಲೀಸಾ ಕೂಗಿದಳು:

"ಆಗ್ತಾನೆ! ಯಾಕಾಗಲ್ಲ? ಎಷ್ಟನೇ ತಾರೀಖು?"

ಅವರು ಹೋದ ಮೇಲೆ ನನ್ನನ್ನು ಒಂದೇ ಪ್ರಶ್ನೆ ಕಾಡತೊಡಗಿತು. ನಾನೇ ಯಾಕೆ?

ವರದಿಗಾರನಿಗೆ ಉತ್ತರ ಸಿಗದ ಪ್ರಶ್ನೆ ಎಂದರೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ. ಮೊದಲು ಸೇಡು ಎಂದುಕೊಂಡೆ. ಆಮೇಲೆ ಕ್ರೈಸ್ತ ಕ್ಷಮೆ ಎಂದುಕೊಂಡೆ. ಆದರೆ ಅವನ ಐದನೇ ಹಾಡಿನಲ್ಲಿ ಕ್ಷಮೆಯ ಬಗ್ಗೆ ಇದ್ದ ಅಭಿಪ್ರಾಯ ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಎರಡನೇ ವಾರದ ಹೊತ್ತಿಗೆ ಮೂರನೆಯ ಕಾರಣ ಹೊಳೆಯಿತು. ಅದು ನನಗೆ ಬಹಳ ಹಿಡಿಸಿತು. ಆ ಹುಡುಗ ಸತ್ಯಕ್ಕೆ ಹಸಿದಿದ್ದಾನೆ. ಸುತ್ತಲೂ ಹೊಗಳುಭಟರು. ಅವರ ನಡುವೆ ಒಬ್ಬನೇ ಒಬ್ಬ ನಿಷ್ಠುರವಾದಿ.

"ಲೀಸಾ, ಅವನಿಗೆ ನನ್ನಲ್ಲಿ ಗುರು ಕಂಡಿದ್ದಾನೆ ಅನ್ಸುತ್ತೆ."

"ತೋಳು ಎತ್ತು," ಎಂದಳು. ಚರ್ಚಿಗೆ ನನಗೊಂದು ಬಾರೊಂಗ್ ಅಂಗಿ ಹೊಲಿಯುತ್ತಿದ್ದಳು. "ಗುರುವಿಗೆ ಹೊಟ್ಟೆ ಎರಡು ಇಂಚು ಜಾಸ್ತಿಯಾಗಿದೆ."

ಜುಲೈ ತಿಂಗಳ ಮೂರನೇ ಭಾನುವಾರ, ಮೇಣದ ಬತ್ತಿ ಹಿಡಿದು ಕಾಲೊಕಾನ್‌ನ ಚರ್ಚಿನಲ್ಲಿ ಧರ್ಮಪಿತರ ಸಾಲಿಗೆ ಸೇರಿಕೊಂಡೆ. ನಮ್ಮಲ್ಲಿ ಒಂದು ಮಗುವಿಗೆ ಹತ್ತು ಹನ್ನೆರಡು ಮಂದಿ ಧರ್ಮಪಿತರು, ಧರ್ಮಮಾತೆಯರು ಇರುವುದು ಮಾಮೂಲು. ಸಾಲನ್ನು ನೋಡಿದೆ. ನನ್ನ ಎಡಕ್ಕೆ ಎದುರಾಳಿ ಪತ್ರಿಕೆಯ ರೆಬೊಂಗ್ ಇದ್ದ. ಈ ಆಲ್ಬಂಗೆ ಹತ್ತಕ್ಕೆ ಎರಡು ಕೊಟ್ಟವನು. ಅವನಾಚೆ, ವಾರ್ತೆಯ ನಂತರ ಸಂಗೀತದ ಬಗ್ಗೆ ಮಾತಾಡುವ ರೇಡಿಯೊದ ಹಿರಿಯರು. ಅವರಾಚೆ ವಿಡಿಯೊ ಮಾಡಿ ಹಾಕುವ ತರುಣಿ ಯುಮಿ. ಅವಳ ವಿಮರ್ಶೆ ಇಡೀ ನಾಲ್ಕು ನಿಮಿಷದ ಒಂದೇ ಆಕಳಿಕೆಯಾಗಿತ್ತು. ಎಣಿಸಿದೆ. ಹನ್ನೆರಡು ಮಂದಿ. ಕಿದ್ಲತ್‌ನ ಆಲ್ಬಂ ಅನ್ನು ಕೆಟ್ಟದ್ದೆಂದು ಬರೆದ, ಆಡಿದ, ಆಕಳಿಸಿದ ಮನಿಲಾದ ಎಲ್ಲ ವಿಮರ್ಶಕರೂ ಬಿಳಿ ಅಂಗಿ ತೊಟ್ಟು ಬತ್ತಿ ಹಿಡಿದು ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಸೈತಾನನನ್ನು ತ್ಯಜಿಸುತ್ತೀರಾ?" ಎಂದು ಪಾದ್ರಿಗಳು ಕೇಳಿದರು.

ಹನ್ನೆರಡು ಜನ ಹನ್ನೆರಡು ಗಳಿಗೆಯಲ್ಲಿ "ತ್ಯಜಿಸುತ್ತೇವೆ" ಎಂದರು.

"ಇನ್ನೊಂದ್ಸಲ, ಒಟ್ಟಿಗೆ ಹೇಳಿ," ಎಂದರು ಪಾದ್ರಿಗಳು ಬೇಸರದಿಂದ. "ನಿಮ್ಮಲ್ಲಿ ಯಾರಿಗೂ ತಾಳ ಗೊತ್ತಿಲ್ವಾ?"

ಊಟ ಪಕ್ಕದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ. ಬಡಿಸುತ್ತಿದ್ದ ಜೊನ್ಮಾರನ ತಮ್ಮಂದಿರೆಲ್ಲ ಕಪ್ಪು ಟೀ ಶರ್ಟು ಹಾಕಿದ್ದರು. ಹಂದಿಮಾಂಸದ ಪಾತ್ರೆ ಹಿಡಿದು ಒಬ್ಬ ನನ್ನ ಮುಂದೆ ತಿರುಗಿದಾಗ ಅವನ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಓದಿದೆ: "ಅರ್ಧ ಬಟ್ಟಲು, ಅದೂ ತಳ ಹಿಡಿದದ್ದು." ಕೆಳಗೆ ನನ್ನ ಪೂರ್ತಿ ಹೆಸರಿತ್ತು. ಇನ್ನೊಬ್ಬನ ಬೆನ್ನ ಮೇಲೆ ಆಕಳಿಸುತ್ತಿರುವ ಯುಮಿಯ ಚಿತ್ರ.

ನಾನು ಜೊನ್ಮಾರನನ್ನು ಬಾಸ್ಕೆಟ್‌ಬಾಲ್ ಕಂಬದ ಹಿಂದಕ್ಕೆ ಕರೆದೆ. "ಇದೇನಪ್ಪಾ?"

"ನಿಮ್ಮ ದಯೆ, ನಿನೊಂಗ್," ಎಂದ. ಕಣ್ಣಲ್ಲಿ ನೀರೇ ಇತ್ತು. "ನೀವೆಲ್ಲ ಬಯ್ಯೋಕೆ ಮೊದಲು ನನ್ನ ಹಾಡು ನಮ್ಮ ಬೀದಿ ದಾಟಿರ್ಲಿಲ್ಲ. ದೊಡ್ಡೋರು ಬೈದ್ರು ಅಂತ ಗೊತ್ತಾಯ್ತು ನೋಡಿ, ಇಲ್ಲಿನ ಹುಡುಗರೆಲ್ಲ ಹಾಗಾದ್ರೆ ಇದು ನಮ್ಮದು ಅಂದ್ರು. ಈಗ ಎಲ್ಲರ ಫೋನಲ್ಲೂ ನಾನೇ. ಎಲ್ಲಕ್ಕಿಂತ ಜಾಸ್ತಿ ಮಾರಾಟ ಆಗ್ತಿರೋದು ನಿಮ್ಮ ಮಾತಿರೋ ಅಂಗೀನೇ. ಈ ಮಗೂಗೆ ಅನ್ನ ಹಾಕಿದೋರು ನೀವು. ನೀವಲ್ದೆ ಇನ್ಯಾರು ಧರ್ಮಪಿತ?"

ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನಾರು ಹೊರಬಂದಿತ್ತು, ಜೊತೆಗೆ ಹಲ್ಲೂ. ಕರೆಸಿಕೊಂಡದ್ದು ಗುರುವನ್ನಲ್ಲ, ಜಾಹೀರಾತನ್ನು.

"ನವೆಂಬರಿಗೆ ಎರಡನೇ ಆಲ್ಬಂ ಬರುತ್ತೆ," ಎಂದು ಅವನು ನನ್ನ ಕೈ ಹಿಡಿದ. "ನೀವು ನಿಮ್ಮ ಮನಸ್ಸಿಗೆ ಬಂದ ಹಾಗೆ ಬರೀರಿ. ಹೋದ ಸಲದ ಹಾಗೇ."

ಮನೆಗೆ ಮರಳುವಾಗ ಲೀಸಾಳ ಚೀಲದಲ್ಲಿ ಎರಡು ಕಪ್ಪು ಅಂಗಿಗಳಿದ್ದವು. "ಕುಮಾರೆಗೆ ಪುಕ್ಕಟೆ ಅಂದ್ಳು ರಿಜ್ಲಿನ್," ಎಂದಳು. ಕುಂಪಾರೆಯ ಹೆಂಡತಿಯನ್ನು ಕರೆಯುವುದು ಹಾಗೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ಮೆಚ್ಚುಗೆಯಿಂದ ನೋಡಿದಳು. "ಕೊನೆಗೂ ನಿನ್ನ ಅಭಿಪ್ರಾಯ ತೊಟ್ಕೊಳ್ಳೋ ಹಾಗಾಯ್ತು."

ನವೆಂಬರಿನಲ್ಲಿ ಆಲ್ಬಂ ಬಂತು. ಹೆಸರು "ಮೂರನೇ ಮಹಡಿಗೆ ನೀರು ಬರುವುದಿಲ್ಲ". ಮಂಗಳವಾರ ಒಂಬತ್ತಕ್ಕೆ ಹೆಡ್‌ಫೋನ್ ಹಾಕಿದೆ. ಬಂಧುವೆಂದು ಹೊಗಳಬಾರದು, ಬಂಧುವಲ್ಲವೆಂದು ತೋರಿಸಲು ತೆಗಳಲೂಬಾರದು ಎಂದು ನಿರ್ಧರಿಸಿಯೇ ಕುಳಿತಿದ್ದೆ. ಮೊದಲ ಹಾಡಿನಲ್ಲಿ ಒಬ್ಬ ಹೆಂಗಸು ಕೊಡ ಹಿಡಿದು ಮೂರು ಮಹಡಿ ಹತ್ತುತ್ತಾಳೆ, ಪ್ರತಿ ಮೆಟ್ಟಿಲಿಗೂ ಒಂದು ಪ್ರಾಸ. ಅವಳು ಏದುಸಿರು ಬಿಟ್ಟಲ್ಲಿ ಡ್ರಮ್ಮೂ ಏದುಸಿರು ಬಿಡುತ್ತದೆ. ಹತ್ತು ಹಾಡುಗಳಲ್ಲಿ ಅವನು ತಾನು ಯಾರೆಂದು ಒಮ್ಮೆಯೂ ಹೇಳುವುದಿಲ್ಲ. ಆದರೂ ಕೊನೆಗೆ ನಮಗೆ ಗೊತ್ತಾಗಿರುತ್ತದೆ. ಮೂರು ಸಲ ಕೇಳಿದೆ. ನಿಯಮ ಮೀರಿ ನಾಲ್ಕನೇ ಸಲವೂ ಕೇಳಿದೆ.

ಸಂಬಂಧವನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡು ಬರೆದೆ. ನಾಲ್ಕು ಬಟ್ಟಲು.

ಉಳಿದ ಹನ್ನೊಂದು ಧರ್ಮಪಿತರೂ ಧರ್ಮಮಾತೆಯರೂ ತಮ್ಮ ನಿಷ್ಪಕ್ಷಪಾತವನ್ನು ಲೋಕಕ್ಕೆ ತೋರಿಸಲು ಅದೇ ವಾರ ಆಲ್ಬಂ ಅನ್ನು ಚಿಂದಿ ಮಾಡಿದರು. ರೆಬೊಂಗ್ ಹತ್ತಕ್ಕೆ ಒಂದು ಕೊಟ್ಟ. ಯುಮಿ ಈ ಸಲ ಹೊದಿಕೆ ಹೊದ್ದು ಗೊರಕೆ ಹೊಡೆದಳು. ಸೋಮವಾರ ಬೆಳಿಗ್ಗೆ ಲೀಸಾಳ ಫೋನು ಬಡಿದುಕೊಂಡಿತು. ಅವಳು ಬಹಳ ಹೊತ್ತು "ಅಯ್ಯೋ, ಹಾಗೇನಿಲ್ಲಮ್ಮ" ಎನ್ನುತ್ತಿದ್ದಳು. ಫೋನಿಟ್ಟು ನನ್ನ ಮುಂದೆ ಬಂದು ನಿಂತಳು.

"ರಿಜ್ಲಿನ್ ಅಳ್ತಿದಾಳೆ. ನಿನೊಂಗ್‌ಗೆ ನಾವೇನು ತಪ್ಪು ಮಾಡಿದ್ವಿ, ನಮ್ಮನ್ಯಾಕೆ ಹೊಗಳಿದ್ರು ಅಂತ."

"ಚೆನ್ನಾಗಿದೆ ಅಂತ ಹೊಗಳಿದೆ!"

"ಇವನ ಹಾಡು ಪತ್ರಿಕೆಯೋರಿಗೆ ಇಷ್ಟ ಆಯ್ತಂತೆ ಅಂತ ಬೀದಿ ಹುಡುಗರು ರೇಗಿಸ್ತಿದಾರಂತೆ. ಒಬ್ಬನ ತಾಯಿ ನಿನ್ನ ಬರಹ ಓದಿ ಮಗನಿಗೆ ಆ ಹಾಡು ಕೇಳು ಅಂದ್ಳಂತೆ. ಅಲ್ಲಿಗೆ ಮುಗೀತು."

"ಹನ್ನೊಂದು ಜನ ಬೈದಿದಾರಲ್ಲ?"

"ಅವರು ಒಳ್ಳೇ ನಿನೊಂಗ್‌ಗಳು. ಪಾಪದ ಕೂಸು, ಅದರ ಅನ್ನಕ್ಕೆ ಕಲ್ಲು ಹಾಕಿದೋನು ನೀನೊಬ್ಬನೇ." ಆಮೇಲೆ ಹೊಲಿಗೆಯವಳ ಗಂಭೀರ ದನಿಯಲ್ಲಿ ಹೇಳಿದಳು: "ತೆಮ್ಯೊ, ಡಿಸೆಂಬರಿನಲ್ಲಿ ವರ್ಷದ ಪಟ್ಟಿ ಬರೀತೀಯಲ್ಲ, ಅದರಲ್ಲಿ ಸರಿ ಮಾಡು. ಸುಳ್ಳು ಬರೀ ಅನ್ನಲ್ಲ. ಹುಡುಕು. ಹೊಲಿದ ಮೇಲೆ ಎಲ್ಲೋ ಒಂದು ದಾರ ಬಿಟ್ಟೇ ಬಿಟ್ಟಿರುತ್ತೆ."

ಇದು ನ್ಯಾಯವಾದ ಬೇಡಿಕೆ ಎನಿಸಿತು. ನಿಜವಾದ ತಪ್ಪೊಂದು ಸಿಕ್ಕರೆ ನನ್ನ ಪ್ರಾಮಾಣಿಕತೆಯೂ ಉಳಿಯುತ್ತದೆ, ಧರ್ಮಪುತ್ರನ ಹಾಲೂ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಮೇಜಿನ ಮುಂದೆ ಕಾಗದ, ಪೆನ್ನು, ಹೆಡ್‌ಫೋನ್ ಇಟ್ಟುಕೊಂಡು ಕುಳಿತೆ. ಐದನೇ ಸಲ, ಆರನೇ ಸಲ, ಏಳನೇ ಸಲ ಕೇಳಿದೆ. ಲೀಸಾ ಎದುರಿಗೇ ಕುಳಿತು ಗುಂಡಿ ಹೊಲಿಯುತ್ತಿದ್ದಳು.

"ಸಿಕ್ತಾ?"

"ಒಂದು ಸಿಕ್ತು," ಎಂದೆ, ಒಂದು ಕಿವಿ ತೆರೆದು. "ಏಳನೇ ಹಾಡು, ಎರಡು ನಿಮಿಷ ಒಂಬತ್ತು ಸೆಕೆಂಡು. ಹಿಂದುಗಡೆ ಮಗು ಅಳುತ್ತೆ. ರೆಕಾರ್ಡ್ ಮಾಡೋವಾಗ ಬಾಗಿಲು ಹಾಕಿರ್ಲಿಲ್ಲ ಅನ್ಸುತ್ತೆ. ದೊಡ್ಡ ಅಜಾಗರೂಕತೆ. ಬರೀಬಹುದು."

"ಥಂಡರೇ?"

"ಇನ್ಯಾರು? ಹಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಶುದ್ಧ ತಪ್ಪು."

ಲೀಸಾ ಹಲ್ಲಿನಲ್ಲಿ ದಾರ ಕತ್ತರಿಸಿ ನನ್ನ ಬಲಗೈಯನ್ನು ನೋಡಿದಳು.

"ತಪ್ಪು ಅಂತೀಯ. ಬೆಳಿಗ್ಗೆಯಿಂದ ನೋಡ್ತಿದೀನಿ, ಆ ಜಾಗ ಬಂದಾಗಲೆಲ್ಲ ಅಳು ನಂಗೂ ಕೇಳೋಷ್ಟು ಧ್ವನಿ ಜಾಸ್ತಿ ಮಾಡ್ತಿದೀಯಲ್ಲ?"