ಏಳೂವರೆಯ ಸ್ಥಾನಬೆಲೆ

ಐಶ್ವರ್ಯ ಬಡಾವಣೆಯಲ್ಲಿ ಎಂಟು ಸಾವಿರದೊಳಗೆ ಬಾಡಿಗೆ ಮನೆ ಹಿಡಿದೇ ತೀರುತ್ತೇನೆ ಎಂದು ಜೂನ್ ತಿಂಗಳ ಮೊದಲ ಭಾನುವಾರ, ಉಪ್ಪಿಟ್ಟಿನ ತಟ್ಟೆಯೇ ಸಾಕ್ಷಿಯಾಗಿ, ಹೆಂಡತಿ ಹೇಮಾವತಿಯ ಮುಂದೆ ಘೋಷಿಸಿದೆ. ಅವಳು "ಹೂಂ" ಎಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ "ಹೂಂ" ನನ್ನ ಎಷ್ಟೋ ಘೋಷಣೆಗಳನ್ನು ಹುಟ್ಟಿದಲ್ಲೇ ಮಲಗಿಸಿದೆ. ಆದರೆ ಈ ಸಲ ನಾನು ಬಿಡುವವನಾಗಿರಲಿಲ್ಲ. ಕಾರಣ, ಅವಳ ಮೊಣಕಾಲು.

ಚಿತ್ರದುರ್ಗದ ಕೋಟೆ ಬುಡದ ಓಣಿಯಲ್ಲಿ ಜುಂಜಮ್ಮನವರ ಮಹಡಿ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೆವು. ಬಾಡಿಗೆ ನಾಲ್ಕೂವರೆ ಸಾವಿರ, ಮೆಟ್ಟಿಲು ಮೂವತ್ತೆಂಟು. ಮೇ ತಿಂಗಳಲ್ಲಿ ಡಾಕ್ಟರು ಹೇಮಾವತಿಯ ಎಕ್ಸ್‌ರೇ ಬೆಳಕಿಗೆ ಹಿಡಿದು, "ಸವೆದಿದೆ. ಇನ್ನು ಮೆಟ್ಟಿಲು ಬಂದ್" ಎಂದರು. ಅವಳು ಗುಮಾಸ್ತೆಯಾಗಿರುವ ಸಹಕಾರ ಸಂಘದ ಕಚೇರಿ ಇರುವುದು ಐಶ್ವರ್ಯ ಬಡಾವಣೆಯಲ್ಲಿ. ನಮ್ಮ ಊರಿನಲ್ಲಿ ಬಂಡೆ ಇಲ್ಲದ, ಏರು ಇಲ್ಲದ, ಹಾಳೆಯ ಹಾಗೆ ಸಮತಟ್ಟಾದ ಜಾಗವೆಂದರೆ ಅದೊಂದೇ. ಆ ಸಮತಟ್ಟಿಗೇ ಅಲ್ಲಿ ಬೆಲೆ ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು ಖಾಸಗಿ ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಸಂಬಳ ಮೂವತ್ತು ಸಾವಿರಕ್ಕೆ ಇನ್ನೂರು ಕಡಿಮೆ. ದಲ್ಲಾಳಿ ತಿಪ್ಪೇಶನನ್ನು ಹಿಡಿದು ಹದಿನಾರು ದಿನದಲ್ಲಿ ಹತ್ತೊಂಬತ್ತು ಮನೆ ನೋಡಿದೆ. ಮೊದಲ ಮನೆಯಲ್ಲೇ ತಿಪ್ಪೇಶ ಮಲಗುವ ಕೋಣೆಯ ಕಿಟಕಿ ತೆರೆದು, ಪರದೆ ಸರಿಸುವ ಜಾದೂಗಾರನಂತೆ ಪಕ್ಕಕ್ಕೆ ನಿಂತ.

"ನೋಡ್ರಿ ಸಾರ್. ಕೋಟೆ ಕಾಣ್ತದೆ."

"ಕಾಣ್ತದೆ."

"ಅದಕ್ಕೇ ಬಾಡಿಗೆ ಹದಿನಾಲ್ಕು. ಕೋಟೆ ಕಾಣದೇ ಇದ್ರೆ ಹನ್ನೆರಡು."

ನನಗೆ ಸಿಟ್ಟು ನೆತ್ತಿಗೇರಿತು. ನಲವತ್ತೊಂಬತ್ತು ವರ್ಷದಿಂದ ಆ ಕೋಟೆಯನ್ನು ಬಿಟ್ಟಿ ನೋಡಿಕೊಂಡು ಬಂದವನು ನಾನು. ಹಲ್ಲುಜ್ಜುವಾಗ ನೋಡಿದ್ದೇನೆ, ಒಗೆದ ಬಟ್ಟೆ ಹರವುವಾಗ ನೋಡಿದ್ದೇನೆ. ಯಾವ ಪಾಳೆಯಗಾರನೂ ನೋಡಿದ್ದಕ್ಕೆ ಸುಂಕ ಕೇಳಿರಲಿಲ್ಲ.

"ಕಿಟಕಿ ಮುಚ್ಚಿಕೊಂಡೇ ಇರ್ತೀನಿ. ಹನ್ನೆರಡಕ್ಕೆ ಕೊಡಿಸು," ಎಂದೆ.

"ಹಂಗೆ ಬರಲ್ಲ ಸಾರ್. ನೀವು ಕದ್ದು ನೋಡಿದ್ರೆ ಓನರ್‌ಗೆ ಹೆಂಗೆ ಗೊತ್ತಾಗ್ಬೇಕು?"

ಎರಡನೇ ಮನೆಯಲ್ಲಿ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಗೆ ಒಂದು ಜಾಸ್ತಿ. ಐದನೆಯದರಲ್ಲಿ ಒಗ್ಗರಣೆ ಹಾಕುವಾಗ ಅಡುಗೆಮನೆ ಕಿಟಕಿ ಮುಚ್ಚಬೇಕು. ಒಂಬತ್ತನೆಯದರ ಯಜಮಾನರು, ವರ್ಷಕ್ಕೆ ಎಷ್ಟು ನೆಂಟರು ಬರುತ್ತಾರೆ, ಬಂದವರು ಸ್ನಾನ ಮಾಡುತ್ತಾರೋ ಇಲ್ಲ ಹಾಗೇ ಹೋಗುತ್ತಾರೋ ಎಂದು ವಿಚಾರಿಸಿದರು. ಹತ್ತೊಂಬತ್ತನೆಯದನ್ನು ನೋಡಿ ಹೊರಬಂದಾಗ ತಿಪ್ಪೇಶ, "ಸಾರ್, ಯಾವುದಾದ್ರೂ ಕುದುರಿದ್ರೆ ನಂಗೆ ಒಂದು ತಿಂಗಳ ಬಾಡಿಗೆ" ಎಂದು ನೆನಪಿಸಿದ. ನಾನು ಅವನನ್ನು ಅಲ್ಲೇ, ನಡುರಸ್ತೆಯಲ್ಲೇ, ಕೆಲಸದಿಂದ ತೆಗೆದುಹಾಕಿದೆ.

ಈ ಹದಿನಾರು ದಿನದಲ್ಲಿ ನಾನು ಕಲಿತ ವಿದ್ಯೆ ಒಂದು. ಮನೆಯ ಮಾತಿನಲ್ಲಿ ಯಾರೂ "ಸಾವಿರ" ಎನ್ನುವುದಿಲ್ಲ. ಹದಿನಾಲ್ಕು, ಹನ್ನೆರಡು, ಒಂದು ಜಾಸ್ತಿ, ಅಷ್ಟೇ. ಸಾವಿರ ಎಂದವನು ಹೊಸಬ ಎಂದು ಗೊತ್ತಾಗಿ ಅವರು ಬಿಗಿಯಾಗುತ್ತಾರೆ. ನಾನೂ ಬಾಯಿಂದ ಸಾವಿರವನ್ನು ಬಿಟ್ಟುಬಿಟ್ಟೆ.

ಮರುದಿನ ಒಂದು ಗೇಟಿಗೆ "ಮನೆ ಖಾಲಿ ಇದೆ" ಎಂಬ ಬೋರ್ಡು ಕಂಡಿತು. ಕೆಳಗಡೆ ಮನೆ. ಮೆಟ್ಟಿಲು ಒಂದೂ ಇಲ್ಲ. ಮಹಡಿಯಲ್ಲಿ ಯಜಮಾನರು, ಶೇಂಗಾ ಮಂಡಿ ಏಕಾಂತಪ್ಪನವರು. ದಲ್ಲಾಳಿಯ ಹಂಗಿಲ್ಲದೆ ನೇರವಾಗಿ ಹತ್ತಿ ಹೋದೆ.

"ಬರ್ರಿ, ಕುಂತ್ಕಳ್ರಿ. ಏನು ಕೆಲಸ?"

"ಹೈಸ್ಕೂಲಲ್ಲಿ ಗಣಿತ."

"ಒಳ್ಳೇದಾತು. ಲೆಕ್ಕ ಗೊತ್ತಿದ್ದೋರ ಹತ್ರ ವ್ಯವಹಾರ ಸಲೀಸು."

"ಎಷ್ಟು ಹೇಳ್ತೀರಿ?"

"ಬಂದೋರಿಗೆಲ್ಲ ಒಂಬತ್ತು ಅಂದೀನಿ. ನೀವು ಮೇಷ್ಟ್ರು, ಎಂಟೂವರೆ ಮಾಡ್ಕಳ್ರಿ."

ನನ್ನ ಎದೆ ಒಮ್ಮೆ ಜಿಗಿಯಿತು. ಮುಖವನ್ನು ಮಾತ್ರ ಪರೀಕ್ಷಾ ಮೇಲ್ವಿಚಾರಕನ ಮುಖದಂತೆ ಇಟ್ಟುಕೊಂಡು, "ಏಳು" ಎಂದೆ.

"ಏಳಕ್ಕೆ ಆಗಲ್ರಿ. ಪಕ್ಕದ ಮನೆ ಹನ್ನೊಂದಕ್ಕೆ ಹೋಗೈತೆ. ನಿಮ್ದೂ ಬ್ಯಾಡ, ನಮ್ದೂ ಬ್ಯಾಡ, ಏಳೂವರೆ. ಇದ್ರ ಮ್ಯಾಲೆ ಮಾತಿಲ್ಲ."

"ಅಡ್ವಾನ್ಸ್?"

ಅವರಿಗೆ ಬೇಸರವೇ ಆಯಿತು. "ಅಡ್ವಾನ್ಸ್ ಯಾತಕ್ರಿ? ಏಳೂವರೆ ಇಸ್ಕಂಡ ಮ್ಯಾಲೆ ಮತ್ತೆ ಅಡ್ವಾನ್ಸ್ ಕೇಳಾಕೆ ನಾವೇನು ಮನುಷ್ಯರಲ್ವಾ?"

ಇಂಥ ಧರ್ಮಾತ್ಮರು ಈ ಬಡಾವಣೆಯಲ್ಲಿ ಇಷ್ಟು ದಿನ ಎಲ್ಲಿ ಅಡಗಿದ್ದರು ಎಂದು ನನಗೆ ಆಶ್ಚರ್ಯವಾಯಿತು.

"ಒಂದು ಮಾತು," ಎಂದರು ಏಕಾಂತಪ್ಪ. "ಪೂರ್ತಿ ಒಂದೇ ಸಲಕ್ಕೆ ಕೊಡ್ಬೇಕು. ಕಂತು ಗಿಂತು ಅನ್ಬಾರ್ದು."

ಇದು ನನ್ನನ್ನು ಕೆಣಕಿತು. ಬಡ ಮೇಷ್ಟ್ರಾದರೇನು, ಏಳೂವರೆಯನ್ನು ಕಂತು ಮಾಡಿಕೊಳ್ಳುವವನಂತೆ ಕಾಣುತ್ತೇನೆಯೇ?

"ಏಳೂವರೆಗೆ ಕಂತು ಮಾಡೋ ಗತಿ ನಮಗಿನ್ನೂ ಬಂದಿಲ್ಲ ಯಜಮಾನ್ರೇ. ಜೇಬಲ್ಲೇ ಐತೆ. ಈಗ್ಲೇ ಕೊಡ್ಲಾ?"

ಏಕಾಂತಪ್ಪ ನನ್ನ ಅಂಗಿಯ ಜೇಬನ್ನು ನೋಡಿದರು. ಆಮೇಲೆ ನನ್ನ ರಬ್ಬರ್ ಚಪ್ಪಲಿ ನೋಡಿದರು. ಮತ್ತೆ ಜೇಬು. ಕುರ್ಚಿಯಿಂದ ಅರ್ಧ ಎದ್ದು, ಒಳಗೆ ಕೂಗಿದರು: "ಕಮಲಾ, ಮೇಷ್ಟ್ರಿಗೆ ಕಾಫಿ ತಾ. ಬಿಸ್ಕತ್ ಬ್ಯಾಡ, ಗೋಡಂಬಿ ತಾ."

ಗೋಡಂಬಿ ಬಂತು. "ಮನೆಪಾಠ ಹೇಳ್ತೀರೇನು?" ಎಂದು ಮೆಲ್ಲಗೆ ಕೇಳಿದರು.

"ಹೇಳ್ತೀನಿ. ಎಸ್ಸೆಸ್ಸೆಲ್ಸಿ ಹುಡುಗರಿಗೆ."

"ಹಂಗನ್ರಿ ಮತ್ತೆ," ಎಂದು ತಲೆಯಾಡಿಸಿದರು. ಏನೋ ಬಿಡಿಸಲಾಗದ ಲೆಕ್ಕ ಬಿಡಿಸಿದವರ ನೆಮ್ಮದಿ ಅವರ ಮುಖದಲ್ಲಿತ್ತು. "ದುಡ್ಡು ಈಗ ಬ್ಯಾಡ. ಒಳ್ಳೇ ದಿನ ಹಾಲು ಉಕ್ಕಿಸ್ರಿ, ಅವತ್ತೇ ಕೊಡ್ರಿ. ಮೂರು ವರ್ಷ ನೆಮ್ಮದಿಯಾಗಿ ಇರ್ರಿ. ಹೋಗೋವಾಗ ನಿಮ್ದು ನಿಮಗೆ."

ನಮ್ಮ ಸಾಮಾನು ನಮ್ಮದೇ ತಾನೇ ಎಂದುಕೊಂಡು ಗೋಡಂಬಿ ಮುಗಿಸಿದೆ.

ಮನೆಗೆ ಬಂದು ಹೇಮಾವತಿಗೆ ವಿಜಯವಾರ್ತೆ ತಿಳಿಸಿದೆ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಎಲ್ಲಾ ಬಿಡಿಸಿ ಕೇಳಿದ್ರಾ?" ಎಂದಳು.

"ಗಣಿತದ ಮೇಷ್ಟ್ರು ಕಣೆ ನಾನು. ಸ್ಥಾನಬೆಲೆ ಪಾಠವನ್ನೇ ಇಪ್ಪತ್ತೈದು ಸಲ ಮಾಡಿದೀನಿ."

"ಹೂಂ."

ಆ "ಹೂಂ"ನಿಂದ ಕೆರಳಿ, ಅಂದೇ ಕೆಳಗಿಳಿದು ಹೋಗಿ ಜುಂಜಮ್ಮನವರಿಗೆ ಖಾಲಿ ಮಾಡುವುದಾಗಿ ಹೇಳಿಬಿಟ್ಟೆ. "ನಿಮ್ಮ ಮೂವತ್ತೆಂಟು ಮೆಟ್ಟಿಲು ನಿಮಗೇ ಇರ್ಲಿ ಯಮ್ಮಾ" ಎಂಬ ಅನಗತ್ಯ ವಾಕ್ಯವನ್ನೂ ಸೇರಿಸಿದೆ. ಆ ಅಜ್ಜಿ "ಆಗ್ಲಪ್ಪ" ಎಂದು, ಸಂಜೆಯೊಳಗೆ ಮನೆಯನ್ನು ನರ್ಸಿಂಗ್ ಓದುವ ಇಬ್ಬರು ಹುಡುಗಿಯರಿಗೆ ಕೊಟ್ಟು ಅಡ್ವಾನ್ಸ್ ಇಸಿದುಕೊಂಡರು.

ಇತ್ತ ನಾನು ಐಶ್ವರ್ಯ ಬಡಾವಣೆಯಲ್ಲಿ ಹಕ್ಕು ಚಲಾಯಿಸತೊಡಗಿದೆ. ಸ್ನಾನದ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ವ್ಯವಸ್ಥೆ ಇತ್ತು. ಹೇಮಾವತಿಯ ಮೊಣಕಾಲಿಗೆ ಅದು ಆಗದು, ಕಮೋಡ್ ಬೇಕು ಎಂದೆ. ಕಿಟಕಿಗೆ ಸೊಳ್ಳೆ ಜಾಲರಿ ಎಂದೆ. ಗೋಡೆಗೆ ತಿಳಿಹಸಿರು ಎಂದೆ. ಏಕಾಂತಪ್ಪ ಒಮ್ಮೆ ಗೊಣಗಿದಾಗ ಸೊಂಟದ ಮೇಲೆ ಕೈಯಿಟ್ಟು, "ಏಳೂವರೆ ಕೊಡೋರು ಇಷ್ಟೂ ಕೇಳಬಾರದೇನ್ರಿ?" ಎಂದೆ.

"ಕೇಳ್ರಿ, ಕೇಳ್ರಿ. ನ್ಯಾಯ ಐತೆ," ಎಂದು ಅವರು ತಣ್ಣಗಾದರು. ಹನ್ನೆರಡು ದಿನದಲ್ಲಿ ಎಲ್ಲವೂ ಆಯಿತು. ಬಡಾವಣೆಯ ಗಣೇಶೋತ್ಸವದವರು ರಸೀದಿ ಪುಸ್ತಕ ಹಿಡಿದು ನನ್ನನ್ನೇ ಹುಡುಕಿಕೊಂಡು ಬಂದು, "ಗೌರವಾಧ್ಯಕ್ಷರಾಗ್ಬೇಕು ಸಾರ್" ಎಂದರು. ಇದು ಕೊಂಚ ಅತಿಯೆನಿಸಿತು. ಆದರೂ ಶಿಕ್ಷಕ ವೃತ್ತಿಗೆ ಇನ್ನೂ ಇಷ್ಟು ಬೆಲೆ ಇದೆಯಲ್ಲ ಎಂದು ಒಪ್ಪಿಕೊಂಡೆ.

ಸೋಮವಾರ ಬೆಳಗ್ಗೆ ಏಳು ಗಂಟೆಗೆ ಹಾಲು ಉಕ್ಕಿತು. ಚೆನ್ನಾಗಿಯೇ ಉಕ್ಕಿತು, ಒಲೆಯ ಸುತ್ತ ಹರಿದು ಹೊಸ ಬಣ್ಣದ ಗೋಡೆಯ ತನಕ ಹೋಯಿತು. ಮಂಚ, ಬೀರು, ಹಾಸಿಗೆ ಹೊತ್ತ ಗೂಡ್ಸ್ ಗಾಡಿ ಗೇಟಿನ ಹತ್ತಿರ ಬಂದು ನಿಂತಿತ್ತು. ಕಮಲಮ್ಮನವರು ಹೇಮಾವತಿಗೆ ಅರಿಶಿನ ಕುಂಕುಮ, ಕುಪ್ಪಸದ ಕಣ ಕೊಟ್ಟರು. ನಡುಮನೆಯ ಮೇಜಿನ ಮೇಲೆ ಏಕಾಂತಪ್ಪನವರು ಮಂಡಿಯಿಂದ ತಂದ ನೋಟು ಎಣಿಸುವ ಯಂತ್ರವಿತ್ತು. ಪಾಪ, ಕಣ್ಣು ಮಂಜಾಗಿರಬೇಕು ಎಂದುಕೊಂಡೆ.

ವೀಳ್ಯದೆಲೆಯ ಮೇಲೆ ಲಕೋಟೆಯಿಟ್ಟು ಎರಡೂ ಕೈಯಿಂದ ಕೊಟ್ಟೆ. ಅವರು ತೂಗಿ ನೋಡಿ, "ಚೆಕ್ಕಾ?" ಎಂದರು.

"ನಗದು."

ಬಿಚ್ಚಿದರು. ಐನೂರರ ಹದಿನೈದು ನೋಟು ಯಂತ್ರದ ಬಾಯಿಗೆ ಹೋದವು. ಅದು "ಟರ್" ಎಂದಿತು, ನಿಂತಿತು.

"ಇದು ಶಾಸ್ತ್ರಕ್ಕಾ ಮೇಷ್ಟ್ರೇ?"

"ಶಾಸ್ತ್ರಕ್ಕಲ್ಲ. ಪೂರ್ತಿ."

ಏಕಾಂತಪ್ಪ ಛಾಪಾ ಕಾಗದದ ಕರಾರುಪತ್ರವನ್ನು ನನ್ನತ್ತ ತಿರುಗಿಸಿದರು. ಮೇಲೆ ದಪ್ಪಕ್ಷರದಲ್ಲಿ "ಭೋಗ್ಯದ ಕರಾರು" ಎಂದಿತ್ತು. ಅಂದರೆ ತಿಂಗಳ ಬಾಡಿಗೆ ಇಲ್ಲ. ದೊಡ್ಡ ಮೊತ್ತ ಒಂದೇ ಸಲ ಕೊಟ್ಟು ಇರುವುದು, ಬಿಡುವಾಗ ಅಷ್ಟನ್ನೂ ವಾಪಸ್ ಪಡೆಯುವುದು. ನಿಮ್ದು ನಿಮಗೆ. ಅದರ ಕೆಳಗೆ 7,50,000. ಗಣಿತ ಶಿಕ್ಷಕನಾಗಿ ಸೊನ್ನೆಗಳನ್ನು ಎಣಿಸಿದೆ. ನನ್ನ ಲೆಕ್ಕದಲ್ಲಿ ಎರಡಿದ್ದವು, ಇಲ್ಲಿ ನಾಲ್ಕು. ಇಂಥ ತಪ್ಪಿಗೆ ನಾನು ಮಕ್ಕಳಿಂದ ಅರ್ಧ ಅಂಕ ಕಳೆಯುತ್ತೇನೆ.

"ಏಳೂವರೆ ಅಂದ್ರೆ ಏಳೂವರೆ ಸಾವಿರ ಅಲ್ವಾ?" ಎಂದೆ.

"ಏಳೂವರೆ ಸಾವಿರಕ್ಕೆ ಈ ಬಡಾವಣೆಯಾಗೆ ನಾಯಿಗೂಡೂ ಸಿಗಲ್ರಿ! ನಿಮ್ಮ ಮಾತು ಕೇಳಿ ಕಮೋಡ್ ಹಾಕ್ಸಿದ್ದಕ್ಕೇ ಒಂಬತ್ತು ಹೋತು."

ಹೊಸದಾಗಿ ಹುಟ್ಟಿದ ಎಚ್ಚರಿಕೆಯಿಂದ ಕೇಳಿದೆ: "ಒಂಬತ್ತು ಲಕ್ಷವೇ?"

"ಕಮೋಡಿಗೆ ಲಕ್ಷ ಯಾರ್ರಿ ಕೊಡ್ತಾರೆ? ಸಾವಿರ!"

ಇಲ್ಲಿ ನನ್ನ ಸಿಟ್ಟಿಗೂ ನ್ಯಾಯವಿದೆ ಎಂದು ಓದುಗರು ಒಪ್ಪಬೇಕು. ಅದೇ ಬಾಯಿ, ಅದೇ ಬೆಳಗ್ಗೆ. ಕಮೋಡಿಗೆ ಒಂಬತ್ತು ಅಂದರೆ ಸಾವಿರ, ಮನೆಗೆ ಏಳೂವರೆ ಅಂದರೆ ಲಕ್ಷ. ಇದು ಯಾವ ತರಗತಿಯ ಪಠ್ಯದಲ್ಲಿದೆ? ನಾನು ಅದನ್ನೇ ಏರುದನಿಯಲ್ಲಿ ಕೇಳಿದೆ. ಅವರೂ ಏರುದನಿಯಲ್ಲಿ, "ಜೇಬಿನಾಗೆ ಐತೆ ಅಂದೋರು ಯಾರು? ಕಂತು ಮಾಡೋ ಗತಿ ಬಂದಿಲ್ಲ ಅಂದೋರು ಯಾರು? ನನ್ನ ಗೋಡಂಬಿ ತಿಂದೋರು ಯಾರು?" ಎಂದು ಕೇಳಿದರು. ಮೂರಕ್ಕೂ ಉತ್ತರ ಒಂದೇ ಆಗಿತ್ತು. ಗಣೇಶೋತ್ಸವದವರು ಗೇಟಿನವರೆಗೆ ಬಂದವರು ರಸೀದಿ ಪುಸ್ತಕ ಮಡಿಸಿಕೊಂಡು ಹಿಂದಿರುಗಿದರು.

ಈ ಗದ್ದಲದಲ್ಲಿ ಹೇಮಾವತಿ ಸುತ್ತಿದ ಹಾಸಿಗೆಯ ಮೇಲೆ ಕೂತು, ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಿದ್ದಳು. ಬಯ್ಯಲಿಲ್ಲ. "ವಾಪಸ್ ಹೋದ್ರೆ ಜುಂಜಮ್ಮನೋರ ಮನೇಲಿ ಆ ಹುಡುಗೀರು ಇರ್ತಾರೆ, ಅಲ್ಲೇನ್ರಿ?" ಎಂದಳು, ಅಷ್ಟೇ. ನನ್ನ ದನಿ ಅಲ್ಲಿಗೆ ಇಳಿದುಹೋಯಿತು.

ಕಮಲಮ್ಮನವರು ಅಡುಗೆಮನೆಯಿಂದ ಹಾಲು ಒರೆಸಿದ ಬಟ್ಟೆ ಹಿಡಿದೇ ಬಂದರು.

"ಸಾಕು ಸುಮ್ನಿರ್ರಿ ಇಬ್ರೂ. ಹಾಲು ಉಕ್ಕೈತೆ. ಕುಂಕುಮ ಕೊಟ್ಟೀನಿ. ಆಯಮ್ಮ ಕಾಲು ಎಳ್ಕಂಡು ನನ್ನ ಹೊಸಲು ದಾಟಿ ಹೋದ್ರೆ ನಾನು ಈ ಮನೇಲಿ ಹೆಂಗೆ ಉಣ್ಲಿ?"

"ಏಳೂವರೆ ಲಕ್ಷ ಕಣೇ," ಎಂದರು ಏಕಾಂತಪ್ಪ.

"ಗೊತ್ತಾತು. ಹಿಂದುಗಡೆ ಕಾರ್ ಶೆಡ್ ಐತಲ್ಲ. ಶೇಂಗಾ ಚೀಲ ಇಟ್ಕಂಡು ಇಲಿ ಸಾಕ್ತಿದೀರಿ. ಅದನ್ನ ಕೊಡ್ರಿ."

ಕಾರ್ ಶೆಡ್ಡು. ನನ್ನ ಸ್ವಾಭಿಮಾನ ಎದ್ದು ನಿಂತಿತು. "ನೋಡಿ ಕಮಲಮ್ಮನೋರೇ, ನಾನೊಬ್ಬ ಶಿಕ್ಷಕ..." ಎಂದು ಶುರು ಮಾಡಿದೆ.

"ಮೆಟ್ಟಿಲು ಐತೇನ್ರಿ?" ಎಂದು ಹೇಮಾವತಿ ನಡುವೆಯೇ ಕೇಳಿದಳು.

"ಒಂದೂ ಇಲ್ಲ. ಪಕ್ಕಕ್ಕೇ ಬಚ್ಚಲು ಐತೆ. ಅಡುಗೆಗೆ ಕಟ್ಟೆ ಹಾಕ್ಸಾಣ."

"ಎಷ್ಟು?"

"ಏಳೂವರೆ," ಎಂದರು ಏಕಾಂತಪ್ಪ. ಸೇಡಿನ ದನಿಯಲ್ಲಿ.

ಹೇಮಾವತಿ ಎದ್ದು ಮೇಜಿನ ಹತ್ತಿರ ಬಂದಳು. ಕರಾರುಪತ್ರ ಮಗುಚಿ, ಪೆನ್ನು ತೆಗೆದುಕೊಂಡು, ಸಹಕಾರ ಸಂಘದ ಕೌಂಟರಿನ ಸ್ವರದಲ್ಲಿ ಕೇಳಿದಳು. "ಸಾವಿರವಾ, ಲಕ್ಷವಾ?"

"ಸಾವಿರ."

"ತಿಂಗಳಿಗಾ, ಒಟ್ಟಿಗಾ?"

"ತಿಂಗಳಿಗೆ."

"ಆರು ಬರ್ಕಂತೀನಿ. ಏಳೂವರೆ ಮನೆಗಾದ್ರೆ ಸರಿ. ಇದು ಕಾರಿನ ಗೂಡು."

ಕಮಲಮ್ಮ ನಕ್ಕರು. ಏಕಾಂತಪ್ಪ ನಗಲಿಲ್ಲ, ಆದರೆ ತಲೆಯಾಡಿಸಿದರು. "ಆ ಕಮೋಡೂ ಕಿತ್ತು ನಿಮ್ಮ ಬಚ್ಚಲಿಗೇ ಹಾಕ್ಸ್ತೀನಿ. ನಂಗೆ ಅದರ ಮುಖ ನೋಡಾಕೆ ಆಗಲ್ಲ," ಎಂದರು.

ಹೀಗೆ ನಾನು, ಘೋಷಿಸಿದಂತೆಯೇ, ಐಶ್ವರ್ಯ ಬಡಾವಣೆಯಲ್ಲಿ ಎಂಟು ಸಾವಿರದೊಳಗೆ ಮನೆ ಹಿಡಿದೆ. ಬಾಗಿಲಿಗೆ ಬದಲು ರೋಲಿಂಗ್ ಶಟರು. ಅದನ್ನು ಎತ್ತಿದಾಗ ಬೀದಿಯವರಿಗೆ ನಾವು ಕಾಣುತ್ತೇವೆ, ಇಳಿಸಿದರೆ ನಮಗೆ ನಾವೇ ಕಾಣುವುದಿಲ್ಲ. ಹೇಮಾವತಿ ಕಚೇರಿಗೆ ಐದು ನಿಮಿಷದಲ್ಲಿ ನಡೆದು ಹೋಗುತ್ತಾಳೆ. ಎಣ್ಣೆ ತಿಕ್ಕಿಕೊಳ್ಳುವುದು ವಾರಕ್ಕೊಮ್ಮೆಗೆ ಇಳಿದಿದೆ. ನಾನಂತೂ ಈಗಲೂ ತಪ್ಪು ನನ್ನದಲ್ಲ, ಸಂಖ್ಯೆಯದೇ ಎಂದು ವಾದಿಸುತ್ತೇನೆ.

ಮೊನ್ನೆ ಶಟರು ಅರ್ಧಕ್ಕೆ ಸಿಕ್ಕಿಕೊಂಡಿತು. ಏಕಾಂತಪ್ಪನವರೇ ರಿಪೇರಿಯ ದುರುಗೇಶನನ್ನು ಕರೆಸಿದರು. ಅವನು ಸ್ಪ್ರಿಂಗ್ ಬಡಿದು ನೋಡಿ, ಕೈ ಒರೆಸಿಕೊಂಡು, "ಎರಡಾಗ್ತದೆ ಸಾರ್" ಎಂದ.

ನಾನು ಮತ್ತು ಏಕಾಂತಪ್ಪ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರ ಬಾಯಲ್ಲೂ ಒಟ್ಟಿಗೇ ಬಂತು: "ಎರಡು ಏನಪ್ಪಾ?"

ಅರ್ಧ ಇಳಿದ ಶಟರಿನ ಕೆಳಗಿಂದ ಹೇಮಾವತಿಯ ದನಿ ಕೇಳಿಸಿತು.

"ಸಾವಿರಾನೇ ಬಿಡ್ರಿ. ಲಕ್ಷದಾಗೆ ಮಾತಾಡೋರು ಬಗ್ಗಿ ಮನೆಯೊಳಗೆ ಬರಲ್ಲ."

ನಾನು ಬಗ್ಗಿ ಒಳಗೆ ಹೋದೆ.