ಕುಂಕುಮ ಹಚ್ಚಿದ ಎರಡು ಕ್ಯಾಸೆಟ್ಟು

ಕಂಪ್ಯೂಟರು ನಮ್ಮ ಮನೆಗೆ ಬರುವ ಹಿಂದಿನ ದಿನ ಭಾನುವಾರ. ಗುಬ್ಬಿಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಹೆಂಡತಿ ಜಯಮ್ಮ ಚಾಪೆ ಹಾಸಿಕೊಂಡು ಟೇಪ್ ರೆಕಾರ್ಡರಿನ ಮುಂದೆ ಕುಳಿತಿದ್ದಳು. ಕಾರ್ತಿಕದಲ್ಲಿ ಕುಣಿಗಲ್ಲಿನ ಅವಳ ತಂಗಿ ಶಾಂತಮ್ಮನ ಮಗಳು ಗೀತಳ ಮದುವೆ. ಮದುಮಗಳನ್ನು ಹಸೆಗೆ ಕರೆಯುವ ಹಾಡೊಂದು ಅವರ ತವರಾದ ಕಡಬದಲ್ಲಿ ಅಜ್ಜಿಯಿಂದ ಬಂದಿತ್ತು. ಅಜ್ಜಿ ಅದನ್ನು ಕಲಿಸಿದ್ದು ಜಯಮ್ಮನೊಬ್ಬಳಿಗೆ. ಆಗ ಶಾಂತಮ್ಮ ಇನ್ನೂ ತೊಟ್ಟಿಲಲ್ಲಿದ್ದಳು. "ಅಕ್ಕ, ಆ ಹಾಡನ್ನು ಕ್ಯಾಸೆಟ್ಟಿಗೆ ತುಂಬಿ ತಗೊಂಡು ಬಾ, ಮದುವೆಗೆ ಮುಂಚೆ ನಾವೆಲ್ಲ ಕಲಿತುಕೊಳ್ಳುತ್ತೇವೆ" ಎಂದು ಅವಳು ಕಾಗದ ಬರೆದಿದ್ದಳು.

ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು ನಾನು. ರೆಕಾರ್ಡಿಂಗಿನ ಹೊಣೆ ಸಹಜವಾಗಿಯೇ ನನ್ನದು. ಫ್ಯಾನು ನಿಲ್ಲಿಸಿದೆ, ಕಿಟಕಿ ಮುಚ್ಚಿದೆ, ಕೈ ಎತ್ತಿ ಸನ್ನೆ ಮಾಡಿದೆ. ಅವಳು ಗಂಟಲು ಸರಿಮಾಡಿಕೊಂಡು ಮೊದಲು ಆ ಹಾಡು ಹಾಡಿದಳು. ಅದರ ಹಿಂದೆಯೇ ಎಣ್ಣೆಶಾಸ್ತ್ರದ್ದು, ಆರತಿಯದು ಎಂದು ಇನ್ನೂ ನಾಲ್ಕು ಹಾಡಿದಳು. ಅವು ಶಾಂತಮ್ಮನಿಗೂ ಬರುತ್ತಿದ್ದವು. ನಡುವೆ ಕುಕ್ಕರ್ ಒಮ್ಮೆ ಕೂಗಿತು. "ಅದೂ ಬಂತಾ ಇದ್ರಾಗೆ?" ಎಂದಳು. ಆ ಮಾತೂ ಬಂತು.

"ಇನ್ನು ಯಾರೂ ಇದರ ಮೇಲೆ ಬೇರೇನೂ ತುಂಬೋಕಾಗಲ್ಲ" ಎಂದು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಸ್ಕ್ರೂಡ್ರೈವರಿನಿಂದ ಮುರಿದು ತೋರಿಸಿದೆ. ಆ ಚೂರು ಇಲ್ಲದಿದ್ದರೆ ರೆಕಾರ್ಡಿಂಗ್ ಗುಂಡಿ ಕೆಳಗೆ ಇಳಿಯುವುದೇ ಇಲ್ಲ. ಇಂಥ ಸೂಕ್ಷ್ಮಗಳು ಎಲ್ಲರಿಗೂ ತಿಳಿದಿರುವುದಿಲ್ಲ. ಜಯಮ್ಮ ಆ ಕ್ಯಾಸೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಮದುವೆಯ ಹಾಡಲ್ಲವೇ ಎಂದು ದೇವರ ಗೂಡಿನಲ್ಲಿ ಇಟ್ಟಳು. ಮಧ್ಯಾಹ್ನ ಅವರೆಕಾಳು ಸಾರು ಮಾಡಿದ್ದಳು. ಉಂಡು ಮಲಗಿದೆವು. ಆ ದಿನ ಅಷ್ಟೇ.

ಮರುದಿನ ಬೆಳಿಗ್ಗೆ ನಾನು ತುಮಕೂರಿಗೆ ಹೋಗಿ ಕಂಪ್ಯೂಟರು ತಂದೆ.

ಕಾರಣ ನಮ್ಮ ಬೀದಿಯ ಗಣಪತಿ. ಪೆಂಡಾಲಿನ ದೀಪದ ಅಲಂಕಾರ ಎಷ್ಟೋ ವರ್ಷದಿಂದ ನನ್ನದೇ. ಮರದ ಉರುಳೆಯೊಂದಕ್ಕೆ ತಾಮ್ರದ ಪಟ್ಟಿ ಹೊಡೆದು, ಹಳೆಯ ಫ್ಯಾನಿನ ಮೋಟಾರಿನಿಂದ ತಿರುಗಿಸುತ್ತಿದ್ದೆ. ಪಟ್ಟಿ ತಗುಲಿದಂತೆ ಬಲ್ಬುಗಳು ಒಂದಾದ ಮೇಲೊಂದು ಹತ್ತುತ್ತಿದ್ದವು. ಆ ವರ್ಷ ಕಮಿಟಿ ಅಧ್ಯಕ್ಷ, ಕೊಬ್ಬರಿ ಮಂಡಿಯ ಬಸವಲಿಂಗಪ್ಪನವರು ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತು, "ಶಂಕ್ರಣ್ಣ, ತುಮಕೂರಾಗೆ ಕೆಲ ಕಡೆ ದೀಪ ಹೆಂಗೆಂಗೋ ಆಡ್ತವಂತೆ. ನಿಂದು ಹಳೇದಾಯ್ತು ಕಣಯ್ಯ" ಎಂದರು.

"ಈ ಸಲ ಕಂಪ್ಯೂಟರ್ ಹಾಕ್ತೀನಿ" ಎಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೆ ಇವತ್ತಿಗೂ ತಿಳಿಯದು. ಅವರಿಗೂ ಕಂಪ್ಯೂಟರ್ ಎಂದರೇನು ಎಂದು ತಿಳಿದಿರಲಿಲ್ಲ. ಹಾಗಾಗಿ ಇಬ್ಬರೂ ಸಂತೋಷದಿಂದ ಬೇರೆಯಾದೆವು.

ತುಮಕೂರಿನ ಕಾಲೇಜಿನ ಮೇಷ್ಟ್ರೊಬ್ಬರು ತಮ್ಮ ಹಳೆಯ ಕಂಪ್ಯೂಟರನ್ನು ಸಸ್ತಾದಲ್ಲಿ ಕೊಟ್ಟರು. ಸ್ಲೇಟಿನಷ್ಟು ಅಗಲದ ಕರಿ ಪೆಟ್ಟಿಗೆ, ಮೇಲೆ ರಬ್ಬರಿನ ಗುಂಡಿಗಳು. ಟೀವಿಗೆ ಸಿಕ್ಕಿಸಿದರೆ ಅಕ್ಷರ ಮೂಡುತ್ತದೆ. ಮೇಷ್ಟ್ರು ಎಂಟು ಸ್ವಿಚ್ಚುಗಳ ಒಂದು ಹಲಗೆಯನ್ನೂ ಜೋಡಿಸಿಕೊಟ್ಟು, ಯಾವ ದೀಪ ಯಾವಾಗ ಹತ್ತಬೇಕು ಎಂದು ಪೆಟ್ಟಿಗೆಗೆ ಬರೆದು ಹೇಳುವ ಕ್ರಮ ಕಲಿಸಿದರು. "ಇದನ್ನು ದೀಪಕ್ಕೆ ಮಾತ್ರ ಇಟ್ಟುಕೊಳ್ಳಿ, ಬೇರೆ ಕೆಲಸಕ್ಕೆ ಹಚ್ಚಬೇಡಿ" ಎಂದರು. ಬೇರೆ ಕೆಲಸ ಯಾವುದಿರಬಹುದು ಎಂದು ನನಗೂ ಹೊಳೆಯಲಿಲ್ಲ.

ಹೊಸ ಯಂತ್ರ ಮನೆಗೆ ಬಂದರೆ ಪೂಜೆಯಾಗಬೇಕು. ಜಯಮ್ಮ ಕಂಪ್ಯೂಟರಿಗೆ ವಿಭೂತಿ ಎಳೆದು ಕುಂಕುಮವಿಟ್ಟಳು. ಟೀವಿಗೆ ಇಟ್ಟಳು. ಟೇಪ್ ರೆಕಾರ್ಡರಿಗೆ ಇಟ್ಟಳು. ನಾನು ತಂದಿದ್ದ ಹೊಸ ಖಾಲಿ ಕ್ಯಾಸೆಟ್ಟಿಗೂ ಇಟ್ಟಳು.

"ಇದ್ಯಾಕೆ ಕ್ಯಾಸೆಟ್ಟು? ಇದೂ ಹಾಡುತ್ತಾ?"

"ಕರೆಂಟು ಹೋದರೆ ಪೆಟ್ಟಿಗೆಗೆ ಎಲ್ಲಾ ಮರೆತುಹೋಗುತ್ತೆ ಕಣೇ. ಬರೆದ ಪ್ರೋಗ್ರಾಮನ್ನ ಸದ್ದಾಗಿ ಕ್ಯಾಸೆಟ್ಟಿಗೆ ತುಂಬಿಟ್ಟುಕೊಂಡು ಮತ್ತೆ ಕೇಳಿಸಬೇಕು."

"ನಿಮ್ಮಂಗೇ ಬುಡಿ" ಎಂದಳು. "ಹಬ್ಬದ ಸಾಮಾನಿನ ಚೀಟಿ ನಾಕು ಸಲ ಓದಿ ಹೇಳಿದ್ರೂ ಬೆಲ್ಲ ಮರ್ತು ಬಂದ್ರಿ."

ಹದಿನೈದು ದಿನ ಟೀವಿ ನನ್ನ ಅಧೀನದಲ್ಲಿತ್ತು. ಭಾನುವಾರದ ಸಿನಿಮಾ ನೋಡಲು ಬಂದ ನೆರೆಯ ಹೆಂಗಸರು ಪರದೆಯ ಮೇಲೆ ಅಂಕಿಗಳನ್ನು ನೋಡಿಕೊಂಡು ಸ್ವಲ್ಪ ಹೊತ್ತು ಕುಳಿತು ಎದ್ದುಹೋದರು. ಒಬ್ಬಾಕೆ, "ಹೀರೋ ಇನ್ನೂ ಬಂದಿಲ್ವಾ?" ಎಂದು ಕೇಳಿದ್ದು ಮಾತ್ರ ನೆನಪಿದೆ.

ಅಲಂಕಾರದ ಯೋಜನೆ ಭವ್ಯವಾಗಿತ್ತು. ಉದ್ದನೆಯ ಹಲಗೆಯ ಮೇಲೆ ಬಲ್ಬುಗಳಿಂದ ಬರೆದ ಏಳು ಇಲಿಗಳು. ಒಂದು ಆರಿ ಇನ್ನೊಂದು ಹತ್ತಿದರೆ ಒಂದೇ ಇಲಿ ಓಡಿದಂತೆ ಕಾಣಬೇಕು. ಕೊನೆಗೆ ಗಣಪತಿಯ ಪಾದದ ಹತ್ತಿರ ದೊಡ್ಡ ಮೋದಕ ಬೆಳಗಬೇಕು. ಏಳು ಇಲಿ, ಒಂದು ಮೋದಕ, ಎಂಟು ಸ್ವಿಚ್ಚು. ಹಲಗೆಯ ಹಿಂದೆ ನಿಂತು ಎಡದಿಂದ ಬಲಕ್ಕೆ ತಂತಿಗಳಿಗೆ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿ ಜೋಡಿಸಿದೆ. ಹಿಂದೆ ನಿಂತವನ ಎಡ, ಮುಂದೆ ನಿಂತವನ ಬಲ. ಇಷ್ಟು ಸಣ್ಣ ವಿಷಯ ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ.

ಚೌತಿಯ ಸಂಜೆ ಪೆಂಡಾಲಿನ ಮುಂದೆ ಇಡೀ ಬೀದಿ ಸೇರಿತ್ತು. ನಿಟ್ಟೂರಿನಿಂದಲೂ ಗಾಡಿ ಹತ್ತಿ ಬಂದಿದ್ದರು. ನಾನು ಟೇಪ್ ರೆಕಾರ್ಡರಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಬೇಕಾಗಿತ್ತು. ಸಿಕ್ಕಿಸಿದ್ದು ಪಕ್ಕದಲ್ಲಿದ್ದ ಮೈಕಿನ ಯಂತ್ರಕ್ಕೆ. ಎರಡು ಹಾರ್ನುಗಳಿಂದ ಒಮ್ಮೆಲೇ ಕೀ ಎಂಬ ಶಬ್ದ, ಹಿಂದೆಯೇ ಕರಕರ. ಅರ್ಚಕರ ಕೈಯಲ್ಲಿದ್ದ ಮಂಗಳಾರತಿ ಅರ್ಧ ಸುತ್ತಿನಲ್ಲಿ ನಿಂತಿತು.

"ಲೇ, ಯಾರ್ಗೋ ಕರೆಂಟ್ ಹೊಡೀತೈತೆ ನೋಡ್ರಲಾ" ಎಂದು ಬಸವಲಿಂಗಪ್ಪನವರು ಕೂಗಿದರು.

"ಯಾರಿಗೂ ಇಲ್ಲ ಸಾರ್. ಪ್ರೋಗ್ರಾಮು ಅದು."

"ಇದೇನಾ ಪ್ರೋಗ್ರಾಮು? ಮುಗೀತಾ?"

ತಂತಿ ಬದಲಿಸಿದೆ. ಐದು ನಿಮಿಷ ಕಾದೆವು. ಆಮೇಲೆ ಟಕ್ ಟಕ್ ಎಂದು ಸ್ವಿಚ್ಚುಗಳು ಆಡಿದವು, ಇಲಿ ಓಡಿತು. ಮೊದಲು ಮೋದಕ ಬೆಳಗಿತು. ಆಮೇಲೆ ಅದರ ಪಕ್ಕದ ಇಲಿ. ಆಮೇಲೆ ಅದರ ಹಿಂದಿನದು. ಗಣಪತಿಗೆ ಮುಖ ಮಾಡಿಕೊಂಡೇ ಇಲಿ ಹಿಂದು ಹಿಂದಕ್ಕೆ ಸರಿಯುತ್ತಾ ಪೆಂಡಾಲಿನ ಮೂಲೆ ಸೇರಿ ಆರಿಹೋಯಿತು.

ಬಸವಲಿಂಗಪ್ಪನವರು ನನ್ನ ಕಡೆ ತಿರುಗಿದರು. "ಇಲಿ ಯಾಕಯ್ಯ ಹಿಂದಕ್ ಹೋಗ್ತೈತೆ?"

ನಾನು ಬಗ್ಗಿ ತಂತಿಯ ಚೀಟಿಗಳನ್ನು ಎಣಿಸತೊಡಗಿದೆ. ಹೆಂಗಸರ ಸಾಲಿನಿಂದ ಜಯಮ್ಮನ ದನಿ ಬಂತು.

"ಅಷ್ಟೂ ತಿಳಿಯಾಕಿಲ್ವಾ ಅಧ್ಯಕ್ಷರೇ? ಪ್ರಸಾದ ತಗೊಂಡ್ಮೇಲೆ ದೇವ್ರಿಗೆ ಬೆನ್ನು ತೋರಿಸ್ತಾರಾ? ಹಿಂಗೇ ಹಿಂದಿಂದಕ್ಕೆ ಬರ್ತಾರೆ."

ಗುಂಪಿನಲ್ಲಿ ಯಾರೋ ಅಜ್ಜಿ ಕೈಮುಗಿದರು. "ಇಲಿಗೆ ಇರೋ ಬುದ್ಧಿ ನಮ್ ಹೈಕ್ಳಿಗಿಲ್ಲ" ಎಂದರು. ಚಪ್ಪಾಳೆ ಬಿತ್ತು. ಬಸವಲಿಂಗಪ್ಪನವರು ಇದು ತಮ್ಮದೇ ಸಲಹೆ ಎಂಬಂತೆ ಮೀಸೆ ಸವರಿಕೊಂಡರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಅಲ್ಲಿಗೆ ಸುಮ್ಮನಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ತಪ್ಪು ನನ್ನದೆಂದು ನನಗೆ ಗೊತ್ತಿತ್ತಲ್ಲ. ಬೆಳಿಗ್ಗೆ ಎದ್ದವನೇ ಕಂಪ್ಯೂಟರನ್ನೂ ಟೇಪ್ ರೆಕಾರ್ಡರನ್ನೂ ಮನೆಗೆ ಹೊತ್ತು ತಂದೆ.

"ತಂತಿ ಅದಲು ಬದಲು ಮಾಡಿದ್ರೆ ಆಗಲ್ವೇನ್ರೀ?" ಎಂದು ಜಯಮ್ಮ ಒಳಗಿನಿಂದ ಕೇಳಿದಳು.

"ಅದೆಲ್ಲ ಹಳೇ ಕಾಲದ ವಿಧಾನ. ಕಂಪ್ಯೂಟರ್ ಇರುವಾಗ ತಂತಿ ಮುಟ್ಟಬಾರದು" ಎಂದೆ. ಹತ್ತು ನಿಮಿಷದ ತಂತಿಯ ಕೆಲಸ ಬಿಟ್ಟು ಮಧ್ಯಾಹ್ನದವರೆಗೆ ಕುಳಿತು, ನೋಟುಬುಕ್ಕು ನೋಡಿಕೊಂಡು ಇಡೀ ಪ್ರೋಗ್ರಾಮನ್ನು ತಿದ್ದಿ ಹೊಸದಾಗಿ ಬರೆದೆ. ಈಗ ಅದನ್ನು ಕ್ಯಾಸೆಟ್ಟಿಗೆ ತುಂಬಬೇಕು. ರೆಕಾರ್ಡರು ಖಾಲಿ. ನಿನ್ನೆಯ ಕ್ಯಾಸೆಟ್ಟನ್ನು ಪೆಂಡಾಲಿನಲ್ಲಿದ್ದ ಸಾಮಾನಿನ ಡಬ್ಬದಲ್ಲೇ ಬಿಟ್ಟುಬಂದಿದ್ದೆ ಎಂಬುದು ಆಗ ನೆನಪಾಗಲಿಲ್ಲ. ಕಣ್ಣು ಹಾಯಿಸಿದೆ. ದೇವರ ಗೂಡಿನಲ್ಲಿ ಕುಂಕುಮ ಹಚ್ಚಿದ ಕ್ಯಾಸೆಟ್ಟು! ಪೂಜೆ ಮಾಡಿದ ಕ್ಯಾಸೆಟ್ಟು ಎಂದರೆ ಕಂಪ್ಯೂಟರಿನದೇ. ಇವಳು ಎತ್ತಿಟ್ಟಿದ್ದಾಳೆ, ಎಷ್ಟು ಅಚ್ಚುಕಟ್ಟು ಎಂದುಕೊಂಡೆ.

ರೆಕಾರ್ಡಿಂಗ್ ಗುಂಡಿ ಒತ್ತಿದೆ. ಇಳಿಯಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಇಳಿಯಲಿಲ್ಲ. ಕ್ಯಾಸೆಟ್ಟು ತೆಗೆದು ನೋಡಿದರೆ ಬೆನ್ನಿನ ಚೂರು ಮುರಿದಿತ್ತು. ನಾನೇ ಮುರಿದಿರಬೇಕು, ನಾನು ಎಂಥ ಜಾಗರೂಕ ಮನುಷ್ಯ ಎಂದು ನನ್ನನ್ನೇ ಮೆಚ್ಚಿಕೊಂಡೆ. ಯಂತ್ರ ಬೇಡ ಬೇಡ ಎನ್ನುತ್ತಿತ್ತು. ಆದರೆ ಅದಕ್ಕೂ ಉಪಾಯ ಬಲ್ಲವನು ನಾನು. ಗಾಯಕ್ಕೆ ಹಾಕುವ ಪ್ಲಾಸ್ಟರಿನ ಒಂದು ತುಂಡು ಕತ್ತರಿಸಿ ಆ ತೂತಿನ ಮೇಲೆ ಅಂಟಿಸಿದೆ. ಗುಂಡಿ ಬೆಣ್ಣೆಯ ಹಾಗೆ ಇಳಿಯಿತು. ಕ್ಯಾಸೆಟ್ಟಿನ ಆರಂಭದಿಂದ ಒಂದು ಸಲ ತುಂಬಿ, ಇರಲಿ ಎಂದು ಅದರ ಹಿಂದೆಯೇ ಇನ್ನೊಂದು ಸಲವೂ ತುಂಬಿದೆ.

ಆ ಸಂಜೆ ಇಲಿ ನೆಟ್ಟಗೆ ಮೋದಕದ ಕಡೆಗೆ ಓಡಿತು. ಒಂದು ತಪ್ಪಿಲ್ಲ. ನಾನು ಎದೆಯ ಮೇಲೆ ಕೈಕಟ್ಟಿ ನಿಂತೆ.

"ಇದೇನಯ್ಯಾ?" ಎಂದರು ಬಸವಲಿಂಗಪ್ಪನವರು. "ನಿನ್ನೆದು ನೋಡಾಕೆ ಅಂತ ಕೊತ್ತಗೆರೆಯಿಂದ ನನ್ ಬೀಗರು ಬಂದವ್ರೆ. ಭಕ್ತಿ ಎಲ್ಲಿ ಹೋಯ್ತು ಇಲಿಗೆ? ನಿನ್ನೇದೇ ಹಾಕು."

ಮೊದಲಿನ ಕ್ಯಾಸೆಟ್ಟು ಎಲ್ಲಿ ಎಂದು ಹುಡುಕಿದರೆ ಡಬ್ಬದಲ್ಲೇ ಸಿಕ್ಕಿತು. ಇದೂ ಕುಂಕುಮದ್ದು, ಅದೂ ಕುಂಕುಮದ್ದು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಆದರೆ ಬೀಗರು ಕಾಯುತ್ತಿದ್ದರು. ಹಬ್ಬ ಮುಗಿಯುವವರೆಗೂ ಇಲಿ ಹಿಂದಕ್ಕೇ ನಡೆಯಿತು. ನಾನು ತಿದ್ದಿ ತುಂಬಿದ ಪ್ರೋಗ್ರಾಮು ಊರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

ಸಾಮಾನು ಮನೆಗೆ ಬಂದ ಮೇಲೆ ಜಯಮ್ಮ ತನ್ನ ಕ್ಯಾಸೆಟ್ಟನ್ನು ಗುರುತು ಹಿಡಿದು ಗೂಡಿಗೆ ಸೇರಿಸಿದಳು.

"ರೀ, ಇದಕ್ಯಾಕೆ ಪಟ್ಟಿ ಹಾಕಿದೀರಾ? ಗಾಯ ಆಯ್ತಾ?"

"ಅದು ಮೆಕ್ಯಾನಿಕಲ್ ವಿಷಯ. ನಿನಗೆ ತಿಳಿಯಲ್ಲ" ಎಂದೆ, ಯಾರದೋ ರೇಡಿಯೋದಿಂದ ತಲೆ ಎತ್ತದೆ.

ಮದುವೆಗೆ ಎಂಟು ದಿನ ಮುಂಚೆ ಕುಣಿಗಲ್ಲಿಗೆ ಹೋದೆವು. ಶಾಂತಮ್ಮನ ನಡುಮನೆಯಲ್ಲಿ ಹದಿನೈದು ಹೆಂಗಸರು ಹಾಡು ಕಲಿಯಲು ಕುಳಿತಿದ್ದರು. ದೀಪ ಹಚ್ಚಿದ್ದರು. ನಾನು ಕ್ಯಾಸೆಟ್ಟು ಹಾಕಿ, ಎಲ್ಲರೂ ಸದ್ದು ಮಾಡಬೇಡಿ ಎಂದು ಹೇಳಿ ಗುಂಡಿ ಒತ್ತಿದೆ.

ಕೀ ಎಂದಿತು. ಆಮೇಲೆ ಕರಕರ.

ಒಂದು ನಿಮಿಷವಾದ ಮೇಲೆ ಶಾಂತಮ್ಮ ಮೆಲ್ಲಗೆ, "ಭಾವ, ಇದು ಯಾವ ರಾಗ?" ಎಂದಳು. ಮೂಲೆಯಲ್ಲಿದ್ದ ಮುದುಕಿ, "ಕಡಬದ ಕಡೆ ಹಿಂಗೇ ಹಾಡೋದು ಸುಮ್ಕಿರೇ" ಎಂದಳು.

ಪ್ಲಾಸ್ಟರು ನನ್ನ ಕಣ್ಣಿಗೆ ಬಿತ್ತು. ಆಗ ತಿಳಿಯಿತು. ಜಯಮ್ಮನಿಗೆ ನನಗಿಂತ ಮೊದಲೇ ತಿಳಿದಿತ್ತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ಸಲ ತುಂಬಿದ್ದು ಎರಡು ಸಲವೂ ಕರಕರ ಎಂದು ಮುಗಿದ ಮೇಲೆ, ಎರಡನೆಯ ಹಾಡಿನ ನಡುವಿನಿಂದ ಅವಳ ದನಿ ಬಂತು. ಹಸೆಗೆ ಕರೆಯುವ ಹಾಡು ಪೂರ್ತಿ ಅಳಿಸಿಹೋಗಿತ್ತು.

"ತಪ್ಪಾಯ್ತು ಕಣೇ" ಎಂದೆ.

"ಬುಡಿ, ನನ್ ಗಂಟಲು ಎಲ್ಲೂ ಹೋಗಿಲ್ವಲ್ಲ. ಮದುವೆ ಕೆಲ್ಸದಾಗೆ ಈಗ ಕಲ್ಸಾಕೆ, ತುಂಬಾಕೆ ಪುರುಸೊತ್ತೆಲ್ಲಿ? ಆ ದಿನ ನಾನೇ ಹಾಡ್ತೀನಿ. ಆಮೇಲೆ ಇನ್ನೊಂದ್ಸಲ ತುಂಬಿದ್ರಾಯ್ತು."

ಮದುವೆಯ ದಿನ ಅವಳೇ ಹಾಡಿದಳು. ಬಹಳ ಚೆನ್ನಾಗಿ ಹಾಡಿದಳಂತೆ. ನಾನು ಕೇಳಲಿಲ್ಲ. ಕುಣಿಗಲ್ಲಿನವರು ಕಂಪ್ಯೂಟರಿನ ದೀಪ ಬೇಕೇ ಬೇಕು ಎಂದಿದ್ದರು. ಅದರ ಪ್ಲಗ್ಗು ಸಡಿಲ. ಅಲುಗಿದರೆ ಪೆಟ್ಟಿಗೆಗೆ ಎಲ್ಲವೂ ಮರೆತುಹೋಗುತ್ತಿತ್ತು. ಆದ್ದರಿಂದ ಹೆಣ್ಣನ್ನು ಹಸೆಗೆ ಕರೆಯುವ ಹೊತ್ತಿನಲ್ಲಿ ನಾನು ಚಪ್ಪರದ ಹೊರಗೆ ಎರಡು ಕೈಯಲ್ಲೂ ಪ್ಲಗ್ಗು ಹಿಡಿದುಕೊಂಡು ನಿಂತಿದ್ದೆ. ಟೇಪ್ ರೆಕಾರ್ಡರೂ ನನ್ನ ಹತ್ತಿರವೇ ಇತ್ತು. ಒಳಗೆ ಹಾಡು ತುಂಬಿಕೊಳ್ಳಲು ಇನ್ನೊಂದು ಇರಲಿಲ್ಲ.

ಊರಿಗೆ ಬಂದ ಮೇಲೆ, ಬರುವ ಭಾನುವಾರ ತುಂಬೋಣ ಎಂದೆವು. ಆ ಭಾನುವಾರ ಅವಳಿಗೆ ನೆಗಡಿ. ಇನ್ನೊಂದು ಭಾನುವಾರ ನನಗೆ ನಿಟ್ಟೂರಿನಲ್ಲಿ ಕೆಲಸ. ಅವಸರ ಏನಿದೆ ಎಂದು ಇಬ್ಬರೂ ಅಂದುಕೊಂಡೆವು. ಯುಗಾದಿಗೆ ಮುಂಚೆ ಅವಳಿಗೆ ಜ್ವರ ಬಂದು ನಾಲ್ಕು ದಿನ ಇತ್ತು. ಐದನೆಯ ದಿನ ಅವಳು ಇರಲಿಲ್ಲ.

ನಾನು ಈಗಲೂ ರಿಪೇರಿ ಚೆನ್ನಾಗಿಯೇ ಮಾಡುತ್ತೇನೆ, ಅದರಲ್ಲಿ ಅನುಮಾನ ಬೇಡ. ಆ ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ, ನನಗೆ ಗೊತ್ತಿರುವ ವಿದ್ಯೆಯನ್ನೆಲ್ಲ ಅದರ ಮೇಲೆ ಪ್ರಯೋಗಿಸಿ ಆಗಿದೆ. ನಾನು ತುಂಬಿದ ಕರಕರ ಬಹಳ ಸ್ವಚ್ಛವಾಗಿ ಬಂದಿದೆ. ಅದರ ಕೆಳಗೆ ಏನೂ ಉಳಿದಿಲ್ಲ. ಹೋದ ತಿಂಗಳು ಕುಣಿಗಲ್ಲಿಗೆ ಹೋಗಿ, ಮದುವೆಯ ದಿನ ಒಳಗಿದ್ದವರನ್ನೆಲ್ಲ ಕೇಳಿ ಆ ಹಾಡನ್ನು ನೆನಪಿದ್ದಷ್ಟು ಬರೆದುಕೊಂಡೆ. ಶಾಂತಮ್ಮನಿಗೆ ಮೊದಲ ಎರಡು ಸಾಲು ಬರುತ್ತವೆ. ಗೀತಳಿಗೆ ಕೊನೆಯ ಸಾಲು ಬರುತ್ತದೆ. ನಡುವಿನದು ಯಾರಿಗೂ ಬರುವುದಿಲ್ಲ.